ಹರಾಜಿಗೆ ಬಂದ ವಿಂಟೇಜ್ ಫೋಟೋ ಪ್ರಿಂಟ್: ಪರೀಕ್ಷೆಯಿಂದ ಕೂಗಿನವರೆಗೆ ಸಮಗ್ರ ಮಾರ್ಗದರ್ಶಿ

ಹಳೆಯ ಫೋಟೋ ಪ್ರಿಂಟ್‌ಗೆ ಎರಡು ತಾರೀಖು ಇರುತ್ತವೆ. ಕ್ಯಾಮೆರಾದಲ್ಲಿ ದೃಶ್ಯ ಸೆರೆಯಾದ ದಿನ ಒಂದು. ಆ ನೆಗೆಟಿವ್‌ನಿಂದ, ಈಗ ನಿಮ್ಮ ಮುಂದಿರುವ ಕಾಗದದ ಮೇಲೆ ಪ್ರಿಂಟ್ ಹಾಕಿದ ದಿನ ಇನ್ನೊಂದು. ಹರಾಜಿನಲ್ಲಿ ಬೆಲೆ ನಿಂತಿರುವುದು ಬಹುಮಟ್ಟಿಗೆ ಇವೆರಡರ ನಡುವಿನ ಅಂತರದ ಮೇಲೆ. ಅಂತರ ಸುಮಾರು 5 ವರ್ಷದೊಳಗಿದ್ದು, ಪ್ರಿಂಟನ್ನು ಛಾಯಾಗ್ರಾಹಕರೇ ಹಾಕಿದ್ದರೆ ಅಥವಾ ಮುಂದೆ ನಿಂತು ಹಾಕಿಸಿದ್ದರೆ ವ್ಯಾಪಾರದಲ್ಲಿ ಅದನ್ನು ‘ವಿಂಟೇಜ್’ ಎನ್ನುತ್ತಾರೆ. ಈ 5 ವರ್ಷ ಕಾನೂನಲ್ಲ, ರೂಢಿ. ಕೆಲವರು ಅದನ್ನು 10ರವರೆಗೂ ಎಳೆಯುತ್ತಾರೆ. ಆದ್ದರಿಂದ ಬರೀ ‘ವಿಂಟೇಜ್’ ಎಂಬ ಪದ ಓದಿ ಸಮಾಧಾನಪಡಬೇಡಿ, ಎರಡನೆಯ ತಾರೀಖು ಯಾವುದು ಎಂದು ಕೇಳಿ.

ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆ್ಯಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಎಂಬಲ್ಲಿ ತೆಗೆದ ಚಂದ್ರೋದಯದ ಚಿತ್ರ ಇದಕ್ಕೆ ಒಳ್ಳೆಯ ಪಾಠ. ಮುಂದಿನ ದಶಕಗಳಲ್ಲಿ ಅವರೇ ಅದರ ಸಾವಿರಕ್ಕೂ ಹೆಚ್ಚು ಪ್ರಿಂಟ್ ಹಾಕಿದರು. 1948ರಲ್ಲಿ ನೆಗೆಟಿವ್‌ನ ಕೆಳಭಾಗವನ್ನು ರಾಸಾಯನಿಕವಾಗಿ ಗಾಢಗೊಳಿಸಿದರು. ಮೊದಮೊದಲ ಪ್ರಿಂಟ್‌ಗಳಲ್ಲಿ ಮೇಲಿನ ಆಕಾಶದಲ್ಲಿ ತೆಳುಮೋಡಗಳು ಕಾಣುತ್ತವೆ. ನಂತರದವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಡುಗಪ್ಪು. ನೆಗೆಟಿವ್ ಒಂದೇ, ಕೈಯೂ ಒಂದೇ, ಆದರೂ ಮಾರುಕಟ್ಟೆಯ ಲೆಕ್ಕದಲ್ಲಿ ಅವು ಬೇರೆ ಬೇರೆ ವಸ್ತುಗಳು. 1948ಕ್ಕಿಂತ ಹಿಂದಿನವು ಬಲು ಕಡಿಮೆ, ಬೆಲೆ ಬಲು ಹೆಚ್ಚು.

ಹೆಜ್ಜೆ 1: ಕೆಟಲಾಗ್ ಸಾಲನ್ನು ಪದ ಪದವಾಗಿ ಓದಿ

ಸರಿಯಾದ ನಮೂದು ಹೀಗಿರುತ್ತದೆ: ‘ಜೆಲಟಿನ್ ಸಿಲ್ವರ್ ಪ್ರಿಂಟ್, ನೆಗೆಟಿವ್ 1932, ಪ್ರಿಂಟ್ ಸುಮಾರು 1934’. ಜೆಲಟಿನ್ ಸಿಲ್ವರ್ ಎಂದರೆ ಜೆಲಟಿನ್ ಪದರದಲ್ಲಿ ಬೆಳ್ಳಿಯಿಂದ ಚಿತ್ರ ಮೂಡಿದ, ಸಾಮಾನ್ಯ ಕಪ್ಪು-ಬಿಳುಪು ಪ್ರಿಂಟ್. ‘1932, ನಂತರ ಹಾಕಿದ ಪ್ರಿಂಟ್’ ಎಂದಿದ್ದರೆ ಅದೂ ಪ್ರಾಮಾಣಿಕ ನಮೂದೇ. ತೊಂದರೆ ಕೊಡುವುದು ಒಂದೇ ತಾರೀಖು ಕೊಟ್ಟು ಸುಮ್ಮನಾಗುವ ನಮೂದು. ಅಲ್ಲಿ ‘1932’ ಎಂದರೆ ಚಿತ್ರ ತೆಗೆದ ವರ್ಷವಷ್ಟೇ ಇರಬಹುದು. ಲಾಟ್ ನಂಬರ್ (ಹರಾಜಿನಲ್ಲಿ ಆ ವಸ್ತುವಿನ ಕ್ರಮಸಂಖ್ಯೆ) ಬರೆದು, ಪ್ರಿಂಟ್ ಹಾಕಿದ್ದು ಯಾವಾಗ, ಅದಕ್ಕೆ ಆಧಾರವೇನು ಎಂದು ಇಮೇಲ್‌ನಲ್ಲಿ ಕೇಳಿ. ಉತ್ತರ ಬರಹದಲ್ಲೇ ಇರಲಿ. ಮುಂದೆ ತಕರಾರು ಬಂದರೆ ನಿಮ್ಮ ಕೈ ಹಿಡಿಯುವುದು ಅದೊಂದೇ.

ಹೆಸರಿನ ಮುಂದಿನ ಮಾತುಗಳಿಗೂ ತೂಕವಿದೆ. ಛಾಯಾಗ್ರಾಹಕರ ಹೆಸರು ನೇರವಾಗಿದ್ದರೆ ಹರಾಜು ಸಂಸ್ಥೆ ಆ ಮಾತಿಗೆ ಹೊಣೆ ಹೊರುತ್ತಿದೆ ಎಂದರ್ಥ. ‘ಇವರದ್ದೆಂದು ಹೇಳಲಾಗಿದೆ’ ಎಂದರೆ ಹೊಣೆ ಸಡಿಲವಾಯಿತು. ‘ಸಹಿ ಮಾಡಿದ್ದಾರೆ’ ಮತ್ತು ‘ಸಹಿ ಇದೆ’ ಎಂಬ ಎರಡು ಮಾತುಗಳ ನಡುವೆ ಬಹಳ ದೂರವಿದೆ: ಮೊದಲನೆಯದು ಛಾಯಾಗ್ರಾಹಕರೇ ಹಾಕಿದ ಸಹಿ ಎನ್ನುತ್ತದೆ, ಎರಡನೆಯದು ಅದು ಯಾರ ಕೈಯದ್ದೆಂದು ಹೇಳುವುದಿಲ್ಲ. ‘ಎಸ್ಟೇಟ್ ಪ್ರಿಂಟ್’ ಎಂದಿದ್ದರೆ ಛಾಯಾಗ್ರಾಹಕರು ತೀರಿಕೊಂಡ ಮೇಲೆ ವಾರಸುದಾರರು ಹಾಕಿಸಿದ್ದು. 1930ರ ದಶಕದ ಪ್ರಿಂಟ್ ಎನ್ನುತ್ತಾ ಅಂಚಿನಲ್ಲಿ ‘3/25’ ಎಂದು, ಅಂದರೆ ಒಟ್ಟು 25 ಪ್ರಿಂಟ್‌ಗಳಲ್ಲಿ 3ನೆಯದೆಂದು, ಎಡಿಷನ್ ಸಂಖ್ಯೆ ಕಂಡರೆ ಅಲ್ಲೇ ನಿಲ್ಲಿ. ಫೋಟೋಗಳಿಗೆ ಹೀಗೆ ಸಂಖ್ಯೆ ಹಾಕುವ ರೂಢಿ ವ್ಯಾಪಕವಾದದ್ದು 1970ರ ದಶಕದಿಂದ ಈಚೆಗೆ. ಆ ಪ್ರಿಂಟ್ ತಡವಾಗಿ ಹಾಕಿದ್ದಿರಬಹುದು, ಇಲ್ಲವೇ ಸಂಖ್ಯೆಯನ್ನು ಆಮೇಲೆ ಬರೆದಿರಬಹುದು.

ಅಳತೆಯಲ್ಲಿ ಚಿತ್ರದ್ದು, ಹಾಳೆಯದ್ದು, ಮೌಂಟ್‌ನದ್ದು (ಪ್ರಿಂಟ್ ಕೂರಿಸಿದ ರಟ್ಟು) ಬೇರೆ ಬೇರೆ. ಮೂರನ್ನೂ ಕೇಳಿ. ಅದೇ ಚಿತ್ರದ ಬೇರೆ ಪ್ರಿಂಟ್ ಯಾವುದಾದರೂ ಮ್ಯೂಸಿಯಂ ಸಂಗ್ರಹದ ಪಟ್ಟಿಯಲ್ಲಿದ್ದರೆ ಅದರ ಅಳತೆಯೊಂದಿಗೆ ಹೋಲಿಸಿ ನೋಡಿ. ಒಂದು ಬದಿಯಲ್ಲಿ 8 ಮಿಲಿಮೀಟರ್ ಕಡಿಮೆ ಬಂದರೆ ಯಾರೋ ಅಂಚು ಕತ್ತರಿಸಿರಬಹುದು. ಎಷ್ಟೋ ಸಲ ಆ ಅಂಚಿನ ಜೊತೆ ಸಹಿ ಅಥವಾ ಹಿಂಬದಿಯ ಮೊಹರಿನ ತುದಿಯೂ ಹೋಗಿರುತ್ತದೆ.

ಹೆಜ್ಜೆ 2: ಸ್ಥಿತಿಯ ವರದಿ ತರಿಸಿಕೊಳ್ಳಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಕೆಟಲಾಗ್ ಚಿತ್ರವೂ ಹಾಗೆಯೇ. ಸ್ಟುಡಿಯೋದ ಸಮ ಬೆಳಕಿನಲ್ಲಿ ಮಡಿಕೆ ಗೆರೆ, ಗೀರು, ತಿದ್ದುಪಡಿ ಯಾವುದೂ ಕಾಣುವುದಿಲ್ಲ. ಹರಾಜಿಗೆ ಕನಿಷ್ಠ 3 ದಿನ ಮೊದಲು ಬರೆದು ಇಷ್ಟನ್ನು ಕೇಳಿ: ಪ್ರಿಂಟನ್ನು ಫ್ರೇಮ್‌ನಿಂದ ಹೊರತೆಗೆದು ನೋಡಿದ್ದಾರೆಯೇ; ಹಿಂಬದಿಯ ಪೂರ್ತಿ ಚಿತ್ರ; ಒಂದು ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು ತೆಗೆದ ಚಿತ್ರ; ನಾಲ್ಕೂ ಮೂಲೆಗಳ ಹತ್ತಿರದ ನೋಟ; ಮೌಂಟ್‌ಗೆ ಪೂರ್ತಿ ಅಂಟಿಸಿದ್ದೋ ಬರೀ ಮೂಲೆಗಳಲ್ಲೋ; ಅಲ್ಟ್ರಾವಯೊಲೆಟ್ ಬೆಳಕಿನಲ್ಲಿ ಪರೀಕ್ಷಿಸಿದ್ದಾರೆಯೇ. ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದ ವರದಿಗೆ ಹೆಚ್ಚು ಬೆಲೆಯಿಲ್ಲ. ಗಾಜಿನ ಹಿಂದಿನ ಪ್ರಿಂಟ್ ಬಗ್ಗೆ ಯಾರೂ ಖಚಿತವಾಗಿ ಏನನ್ನೂ ಹೇಳಲಾರರು. ಪ್ರಿಂಟ್ ಗಾಜಿಗೇ ಅಂಟಿಕೊಂಡಿರುವ ಸಾಧ್ಯತೆಯೂ ಇದೆ.

ಹೆಜ್ಜೆ 3: ಕೈಗೆತ್ತಿಕೊಂಡು ನೋಡುವುದು

ಹರಾಜಿಗೆ ಮುನ್ನ ಪ್ರದರ್ಶನದ ದಿನಗಳಿರುತ್ತವೆ. ಹೋಗಲು ಆಗುವುದಾದರೆ ಹೋಗಲೇಬೇಕು. ಜೊತೆಗೆ 10 ಪಟ್ಟಿನ ಲೂಪ್ (ಪುಟ್ಟ ಭೂತಗನ್ನಡಿ), 30 ಪಟ್ಟು ಅಥವಾ ಹೆಚ್ಚು ದೊಡ್ಡದಾಗಿ ತೋರಿಸುವ ಪುಟ್ಟ ಜೇಬು ಮೈಕ್ರೋಸ್ಕೋಪ್, ಸಣ್ಣ ಬಿಳಿ ಟಾರ್ಚ್, 365 ನ್ಯಾನೋಮೀಟರ್‌ನ ಅಲ್ಟ್ರಾವಯೊಲೆಟ್ ಟಾರ್ಚ್, ಅಳತೆಪಟ್ಟಿ, ನೈಟ್ರೈಲ್ ಕೈಗವಸು ಒಯ್ಯಿರಿ. ಹತ್ತಿ ಗವಸಿಗಿಂತ ನೈಟ್ರೈಲ್ ಉತ್ತಮ: ಹತ್ತಿ ಜಾರುತ್ತದೆ, ಹರಿದ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಪ್ರಿಂಟನ್ನು ಎರಡೂ ಕೈಯಲ್ಲಿ, ಎದುರುಬದುರು ಅಂಚುಗಳಲ್ಲಿ ಹಿಡಿಯಿರಿ. ಒಂದೇ ಮೂಲೆ ಹಿಡಿದು ಎತ್ತಿದಾಗ ಕಾಗದ ಬಾಗಿ, ಎಮಲ್ಷನ್‌ನಲ್ಲಿ (ಚಿತ್ರವಿರುವ ಮೇಲ್ಪದರದಲ್ಲಿ) ಅರ್ಧಚಂದ್ರಾಕಾರದ ಮಡಿಕೆ ಬೀಳುತ್ತದೆ. ಹಳೆಯ ಪ್ರಿಂಟ್‌ಗಳ ಅಂಚಿನಲ್ಲಿ ನೀವು ಕಾಣುವ ಉಗುರಿನಂಥ ಗುರುತುಗಳು ಹೆಚ್ಚಾಗಿ ಬಿದ್ದದ್ದು ಹಾಗೆಯೇ.

ಮೊದಲ ಕೆಲಸ ಪ್ರಕ್ರಿಯೆಯನ್ನು ಗುರುತಿಸುವುದು. ಇದಕ್ಕೆ ಬಣ್ಣಕ್ಕಿಂತ ಪದರಗಳು ಹೆಚ್ಚು ನಂಬಿಕಸ್ತ ಸಾಕ್ಷಿ. ಚಿತ್ರದ ತಿಳಿ ಭಾಗದ ಮೇಲೆ, ಮೋಡವೋ ಬಿಳಿ ಅಂಗಿಯೋ ಇರುವಲ್ಲಿ, ಮೈಕ್ರೋಸ್ಕೋಪ್ ಇಟ್ಟು ಕಾಗದದ ನಾರುಗಳನ್ನು ಹುಡುಕಿ.

ನಾರು ಸ್ಪಷ್ಟವಾಗಿ ಕಂಡು, ಚಿತ್ರವೇ ನಾರಿನೊಳಗೆ ಇಂಗಿದಂತಿದ್ದರೆ ಅದು ಒಂದು ಪದರದ ಪ್ರಿಂಟ್. 1840–50ರ ದಶಕಗಳ ಸಾಲ್ಟ್ ಪ್ರಿಂಟ್, ಪ್ಲ್ಯಾಟಿನಂ, ಸಯನೋಟೈಪ್ ಈ ಗುಂಪಿನವು. ಸಯನೋಟೈಪ್‌ನ ನೀಲಿ ಯಾರಿಗೂ ತಿಳಿಯುತ್ತದೆ. ಸಾಲ್ಟ್ ಪ್ರಿಂಟ್ ಸಾಮಾನ್ಯವಾಗಿ ಅಂಚಿನಿಂದ ಒಳಕ್ಕೆ ಮಾಸುತ್ತಾ ಹಳದಿಗೆ ತಿರುಗಿರುತ್ತದೆ. ಪ್ಲ್ಯಾಟಿನಂ ಮಾತ್ರ ಮಾಸುವುದೇ ಇಲ್ಲವೆನ್ನಬಹುದು: ಹೊಳಪಿಲ್ಲದ ಬೂದು, ನಡುಛಾಯೆಗಳ ಉದ್ದನೆಯ ಇಳಿಜಾರು. ಈ ಪ್ರಕ್ರಿಯೆಗೆ ಪೇಟೆಂಟ್ ಸಿಕ್ಕಿದ್ದು 1873ರಲ್ಲಿ. ಮೊದಲ ಮಹಾಯುದ್ಧದ ಹೊತ್ತಿಗೆ ಲೋಹದ ಬೆಲೆ ಏರಿ ಬಳಕೆ ಕುಸಿಯಿತು. ಪ್ಲ್ಯಾಟಿನಂ ಪ್ರಿಂಟ್‌ಗೆ ಒಂದು ಸೊಗಸಾದ ಸಾಕ್ಷಿಯಿದೆ. ವರ್ಷಾನುಗಟ್ಟಲೆ ಅದರ ಮುಖಕ್ಕೆ ಮುಖವಾಗಿ ಬಿದ್ದಿದ್ದ ಕಾಗದದ ಮೇಲೆ ಚಿತ್ರದ ಕಂದು ನೆರಳು ಮೂಡಿರುತ್ತದೆ. ಹಳೆಯ ಹೊದಿಕೆ ಹಾಳೆ ಜೊತೆಗಿದ್ದರೆ ಅದನ್ನು ತಿರುಗಿಸಿ ನೋಡಿ.

ನಾರು ಕಾಣುತ್ತಿದೆ, ಆದರೆ ತೆಳು ಜೇನಿನ ಪದರದ ಕೆಳಗಿದ್ದಂತಿದೆ ಎಂದರೆ ಆಲ್ಬುಮೆನ್. ಮೊಟ್ಟೆಯ ಬಿಳಿ ಲೋಳೆ ಬಳಿದ ಈ ಕಾಗದ 1850ರಲ್ಲಿ ಬಂದು, 1890ರ ದಶಕದವರೆಗೆ ಲೋಕವನ್ನೇ ಆಳಿತು. ಕಾಗದ ಬಲು ತೆಳು, ತಾನೇ ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಬಹುಪಾಲು ಆಲ್ಬುಮೆನ್ ಪ್ರಿಂಟ್‌ಗಳು ದಪ್ಪ ರಟ್ಟಿಗೆ ಅಂಟಿಕೊಂಡೇ ಸಿಗುವುದು. ಒಣಗಿದ ಕೆರೆಯ ತಳದಂಥ ಸೂಕ್ಷ್ಮ ಬಿರುಕಿನ ಜಾಲ, ಹಳದಿಗಟ್ಟಿದ ತಿಳಿ ಭಾಗ, ನೇರಳೆಗಂದು ಅಥವಾ ಕೆಂಗಂದು ನೆರಳು ಇವು ಅದರ ಗುರುತುಗಳು. ರಟ್ಟು 6.4 × 10 ಸೆಂಟಿಮೀಟರ್ ಆಸುಪಾಸಿನದಾದರೆ ‘ಕಾರ್ಟ್ ದ ವಿಸೀತ್’, ಅಂದರೆ ವಿಸಿಟಿಂಗ್ ಕಾರ್ಡ್ ಅಳತೆಯ ಫೋಟೋ. ಇದಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು 1854ರಲ್ಲಿ. 10.8 × 16.5 ಆದರೆ ಕ್ಯಾಬಿನೆಟ್ ಕಾರ್ಡ್, 1860ರ ದಶಕದಿಂದ ಈಚಿನದು.

ನಾರು ಕಾಣಲೇ ಇಲ್ಲ, ಮೈ ನುಣುಪಾಗಿದೆ ಎಂದರೆ ಕಾಗದಕ್ಕೂ ಚಿತ್ರಕ್ಕೂ ನಡುವೆ ಬರೈಟಾ ಎಂಬ ಬಿಳಿ ಪದರವಿದೆ. 20ನೆಯ ಶತಮಾನದ ಕಪ್ಪು-ಬಿಳುಪು ಪ್ರಿಂಟ್‌ಗಳಲ್ಲಿ ಹೆಚ್ಚಿನವು ಇಂಥ ಜೆಲಟಿನ್ ಸಿಲ್ವರ್‌ಗಳೇ. ಹಾಳೆ ಪ್ಲಾಸ್ಟಿಕ್‌ನಂತೆ ಜಾರಿ, ಹಿಂಬದಿಯೂ ನುಣುಪಾಗಿದ್ದರೆ ಅದು ಪ್ಲಾಸ್ಟಿಕ್ ಲೇಪಿಸಿದ ಆರ್‌ಸಿ ಕಾಗದ, 1960ರ ದಶಕದ ಕೊನೆಯಿಂದ ಈಚೆಗೆ ಬಂದದ್ದು. 1940ರ ಪ್ರಿಂಟ್ ಎಂದು ಅದನ್ನು ಮಾರಲು ಬಂದರೆ ಮಾತು ಮುಂದುವರಿಸಬೇಕಿಲ್ಲ.

ಚುಕ್ಕೆಗಳನ್ನೂ ಗಮನಿಸಿ. ಸಾಲಾಗಿ, ಒಂದೇ ಅಂತರದಲ್ಲಿ ಜೋಡಿಸಿದ ಚುಕ್ಕೆ ಕಂಡರೆ ಅದು ಪತ್ರಿಕೆಯಂತೆ ಯಂತ್ರದಲ್ಲಿ ಅಚ್ಚಾದದ್ದು. ಬೇರೆ ಬೇರೆ ಬಣ್ಣದ ಸೂಕ್ಷ್ಮ ಹನಿಗಳು ಚೆದುರಿದ್ದರೆ ಇಂಕ್‌ಜೆಟ್. ನಿಜವಾದ ಹಳೆಯ ರಟ್ಟಿನ ಮೇಲೆ ಹೊಸ ಇಂಕ್‌ಜೆಟ್ ಅಂಟಿಸಿ ಆಲ್ಬುಮೆನ್ ಎಂದು ಮಾರುವುದು ಕಷ್ಟದ ಕೆಲಸವೇನಲ್ಲ. ರಟ್ಟು ಅಸಲಿಯಾದ್ದರಿಂದ ಬರಿಗಣ್ಣು ಮೋಸಹೋಗುತ್ತದೆ. ಮೈಕ್ರೋಸ್ಕೋಪ್ ಅರೆ ನಿಮಿಷದಲ್ಲಿ ಗುಟ್ಟು ಬಿಚ್ಚಿಡುತ್ತದೆ. ಅಂಥ ರಟ್ಟಿನಲ್ಲಿ ಮೊದಲಿದ್ದ ಪ್ರಿಂಟ್‌ನ ಅಂಚಿನ ಮಸುಕು ಗೆರೆ, ಈಗಿನ ಚಿತ್ರದ ಅಂಚಿಗೆ ಹೊಂದದೆ ಉಳಿದಿರುವುದೂ ಉಂಟು.

ಇನ್ನು ಬಿಳಿ ಟಾರ್ಚನ್ನು ಪ್ರಿಂಟ್‌ನ ಮಟ್ಟಕ್ಕೆ ಇಳಿಸಿ, ಬದಿಯಿಂದ ಬೆಳಕು ಸವರಿಹೋಗುವಂತೆ ಹಿಡಿಯಿರಿ. ಜೆಲಟಿನ್ ಸಿಲ್ವರ್‌ನಲ್ಲಿ ಅಂಚಿನ ಕಡೆಯ ಕಪ್ಪು ಭಾಗಗಳ ಮೇಲೆ ನೀಲಿ ಛಾಯೆಯ ಲೋಹದ ಹೊಳಪು ತೇಲಿದರೆ ಅದು ಬೆಳ್ಳಿ ಮೇಲಕ್ಕೆ ಬಂದಿರುವ ಗುರುತು. ಗಾಳಿ ಮತ್ತು ತೇವ ತಾಗಿ ಚಿತ್ರದ ಬೆಳ್ಳಿ ಸವೆದು, ಮೇಲ್ಮೈಗೆ ಸರಿದು, ಅಲ್ಲಿ ಮತ್ತೆ ಲೋಹವಾಗಿ ಕೂರುತ್ತದೆ. ಇದು ದೋಷವೂ ಹೌದು, ವಯಸ್ಸಿನ ಸಾಕ್ಷಿಯೂ ಹೌದು. ಹೊಳಪು ಇಲ್ಲವೆಂದ ಮಾತ್ರಕ್ಕೆ ಪ್ರಿಂಟ್ ಹೊಸದಲ್ಲ, ಚೆನ್ನಾಗಿ ಕಾಪಾಡಿದ್ದಿರಬಹುದು. ಆದರೆ ಶುದ್ಧ ಪ್ಲ್ಯಾಟಿನಂ ಎಂದು ಕರೆದ ಪ್ರಿಂಟ್‌ನಲ್ಲಿ ಈ ಹೊಳಪು ಕಂಡರೆ ಕರೆದವರು ತಪ್ಪಿದ್ದಾರೆ. ಪ್ಲ್ಯಾಟಿನಂ ಹೀಗೆ ಹೊಳೆಯುವುದಿಲ್ಲ.

ಒಂದು ಎಚ್ಚರಿಕೆ. ಮೂಲೆಗೆ ನೀರಿನ ಹನಿ ಅಥವಾ ಎಂಜಲು ತಾಗಿಸಿ ಜೆಲಟಿನ್ ಉಬ್ಬುತ್ತದೆಯೇ ಎಂದು ನೋಡುವ ಹಳೆಯ ಅಭ್ಯಾಸವೊಂದಿದೆ. ದಯವಿಟ್ಟು ಮಾಡಬೇಡಿ. ಆ ಗುರುತು ಹೋಗುವುದಿಲ್ಲ.

ಹೆಜ್ಜೆ 4: ಕತ್ತಲಲ್ಲಿ ಕಾಗದದ ಸಾಕ್ಷಿ

1950ರ ದಶಕದಿಂದ ಫೋಟೋ ಕಾಗದ ತಯಾರಕರು ಬಿಳುಪು ಹೆಚ್ಚಿಸಲು ಆಪ್ಟಿಕಲ್ ಬ್ರೈಟ್‌ನರ್ ಬೆರೆಸತೊಡಗಿದರು. ಕೋಣೆ ಕತ್ತಲು ಮಾಡಿ 365 ನ್ಯಾನೋಮೀಟರ್ ಟಾರ್ಚ್ ಬಿಟ್ಟಾಗ ಅಂಥ ಕಾಗದ ಒಗೆದ ಬಿಳಿ ಅಂಗಿಯಂತೆ ನೀಲಿಬಿಳಿಯಾಗಿ ಉರಿಯುತ್ತದೆ. ಬ್ರೈಟ್‌ನರ್ ಇಲ್ಲದ ಕಾಗದ ಮಂಕಾಗಿ, ಹಳದಿ ಬೂದಾಗಿ ಉಳಿಯುತ್ತದೆ. ಮುಖ, ಹಿಂಬದಿ, ಅಂಚು ಎಲ್ಲವನ್ನೂ ನೋಡಿ. ಒಂದು ತುಂಡು ಹೊಸ ಬಿಳಿ ಕಾಗದವನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ಕಣ್ಣಿಗೆ ಯುವಿ (ಅಲ್ಟ್ರಾವಯೊಲೆಟ್) ತಡೆಯುವ ಕನ್ನಡಕ ಇರಲಿ.

ಈ ಪರೀಕ್ಷೆ ಒಂದೇ ದಿಕ್ಕಿನಲ್ಲಿ ಸಾಕ್ಷಿ ನುಡಿಯುತ್ತದೆ. ಕಾಗದ ಉರಿದರೆ ಅದು 1950ಕ್ಕಿಂತ ಹಿಂದಿನದಾಗಲಾರದು. ಉರಿಯದಿದ್ದರೆ ಏನೂ ಸಾಬೀತಾಗಲಿಲ್ಲ. 1950ರ ಬಳಿಕವೂ ಬ್ರೈಟ್‌ನರ್ ಇಲ್ಲದ ಕಾಗದಗಳು ತಯಾರಾಗುತ್ತಲೇ ಇದ್ದವು. ಉರಿಯುತ್ತಿರುವುದು ಪ್ರಿಂಟೋ ಅದರ ಹಿಂದಿನ ಹೊಸ ಮೌಂಟೋ ಎಂಬುದನ್ನೂ ಬೇರ್ಪಡಿಸಿ ನೋಡಬೇಕು. ಅಮೆರಿಕದಲ್ಲಿ ಬಾಲಕಾರ್ಮಿಕರ ಚಿತ್ರಗಳಿಂದ ಹೆಸರಾದ ಲೂಯಿಸ್ ಹೈನ್ ತೀರಿಕೊಂಡದ್ದು 1940ರಲ್ಲಿ. ಅವರದ್ದೆಂದು ವಿಂಟೇಜ್ ಬೆಲೆಗೆ ಮಾರಾಟವಾಗಿದ್ದ ಕೆಲವು ಪ್ರಿಂಟ್‌ಗಳ ಕಾಗದದಲ್ಲಿ ಬ್ರೈಟ್‌ನರ್ ಇರುವುದು 1990ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ತೀರಿಕೊಂಡು 10 ವರ್ಷ ಕಳೆದ ಮೇಲೆ ಬಂದ ಕಾಗದದ ಮೇಲೆ ಅವರು ಪ್ರಿಂಟ್ ಹಾಕಿರಲು ಸಾಧ್ಯವೇ ಇರಲಿಲ್ಲ. ಅಂದಿನಿಂದ ಈ ವ್ಯಾಪಾರದಲ್ಲಿ ಅಲ್ಟ್ರಾವಯೊಲೆಟ್ ದೀಪಕ್ಕೆ ಇರುವ ಸ್ಥಾನವೇ ಬದಲಾಯಿತು.

ಹೆಜ್ಜೆ 5: ಹಿಂಬದಿ ಓದುವುದು

ಮುಖಕ್ಕೆ ಎಷ್ಟು ಹೊತ್ತು ಕೊಟ್ಟಿರೋ ಹಿಂಬದಿಗೂ ಅಷ್ಟೇ ಕೊಡಿ. ಸ್ಟುಡಿಯೋ ಮೊಹರು, ಸುದ್ದಿಸಂಸ್ಥೆಯ ಚೀಟಿ, ಪತ್ರಿಕೆಯವರು ಮೇಣದ ಪೆನ್ಸಿಲ್‌ನಲ್ಲಿ ಎಳೆದ ಅಳತೆ ಗೆರೆ, ಪ್ರಕಟವಾದ ದಿನದ ಮುದ್ರೆ, ಕಾಗದದ ಕಂಪನಿಯ ಹೆಸರು ಎಲ್ಲವೂ ಎರಡನೆಯ ತಾರೀಖಿನ ಕಡೆಗೇ ಕೈ ತೋರಿಸುತ್ತವೆ. ಛಾಯಾಗ್ರಾಹಕರು ಮನೆ, ಸ್ಟುಡಿಯೋ ಬದಲಿಸಿದಂತೆ ಮೊಹರೂ ಬದಲಾಗುತ್ತದೆ. ಆದ್ದರಿಂದ ಮೊಹರಿನ ವಿಳಾಸವನ್ನು ಅವರ ಜೀವನದ ವಿವರದೊಂದಿಗೆ ತಾಳೆ ನೋಡಿ. ಅಮೆರಿಕದ ವಿಳಾಸದಲ್ಲಿ 5 ಅಂಕಿಯ ಜಿಪ್ ಕೋಡ್ ಇದ್ದರೆ ಆ ಮೊಹರು ಬಿದ್ದದ್ದು 1963ರ ನಂತರ, ಏಕೆಂದರೆ ಆ ವ್ಯವಸ್ಥೆ ಶುರುವಾದದ್ದೇ ಆ ವರ್ಷದ ಜುಲೈನಲ್ಲಿ. ಬಾಲ್‌ಪೆನ್ ಅಂಗಡಿಗಳಲ್ಲಿ ಸಿಗತೊಡಗಿದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. 1920ರ ಪ್ರಿಂಟ್ ಮೇಲೆ ಬಾಲ್‌ಪೆನ್ ಬರಹ ಇದ್ದರೆ ಅದು ಆಮೇಲೆ ಬಂದದ್ದು. ಬರಹ ತಡವಾಗಿದ್ದರೆ ಪ್ರಿಂಟೂ ತಡವಾಗಿದೆ ಎಂದಲ್ಲ. ಆ ಬರಹವನ್ನು ಪ್ರಿಂಟ್‌ನ ವಯಸ್ಸಿಗೆ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ, ಅಷ್ಟೇ.

ಪ್ಯಾರಿಸ್‌ನ ಛಾಯಾಗ್ರಾಹಕ ಯೂಜೆನ್ ಅಟ್ಜೆ 1927ರಲ್ಲಿ ತೀರಿಕೊಂಡರು. ಅವರ ಅನೇಕ ಪ್ರಿಂಟ್‌ಗಳ ಹಿಂದೆ ಪೆನ್ಸಿಲ್‌ನಲ್ಲಿ ಜಾಗದ ಹೆಸರು, ನೆಗೆಟಿವ್ ಸಂಖ್ಯೆ ಇರುತ್ತವೆ. ಅವರ ನೆಗೆಟಿವ್‌ಗಳಿಂದ ಅಮೆರಿಕದ ಛಾಯಾಗ್ರಾಹಕಿ ಬೆರೆನಿಸ್ ಆ್ಯಬಟ್ ನಂತರ ಹಾಕಿದ ಪ್ರಿಂಟ್‌ಗಳು ಜೆಲಟಿನ್ ಸಿಲ್ವರ್. ಅವೂ ಆದರಕ್ಕೆ ಅರ್ಹವಾದವೇ, ಆದರೆ ಅಟ್ಜೆ ಕೈಯ ಆಲ್ಬುಮೆನ್ ಪ್ರಿಂಟ್‌ನ ಬೆಲೆ ಅವಕ್ಕಿಲ್ಲ.

ಫ್ರೇಮ್‌ನ ಹಿಂದಿರುವ ಗ್ಯಾಲರಿ ಚೀಟಿಯನ್ನು ಪ್ರಿಂಟ್‌ನ ಚೀಟಿ ಎಂದು ತಿಳಿಯಬೇಡಿ. ಫ್ರೇಮ್‌ಗಳು ಚಿತ್ರದಿಂದ ಚಿತ್ರಕ್ಕೆ ಹೋಗುತ್ತಿರುತ್ತವೆ. ಚೀಟಿಯಲ್ಲಿನ ಅಳತೆ, ದಾಸ್ತಾನು ಸಂಖ್ಯೆ ಪ್ರಿಂಟ್‌ಗೆ ಕೂಡಿಬಂದರೆ ಮಾತ್ರ ಲೆಕ್ಕಕ್ಕೆ.

ಹೆಜ್ಜೆ 6: ಯಾವ ಊನ ಸಹಿಸಬಹುದು, ಯಾವುದನ್ನಲ್ಲ

ಅಂಚಿನ ಸಣ್ಣ ಮಡಿಕೆ, ಹಿಂಬದಿಯ ಅಂಟಿನ ಕಲೆ, ತೆಳು ಬೆಳ್ಳಿ ಹೊಳಪು ಇವೆಲ್ಲ ವಯಸ್ಸಿನ ಪಾಲು. ಮಡಿಕೆ ಎಮಲ್ಷನ್ ಒಡೆದು ಬಿಳಿ ಗೆರೆ ಕಾಣುತ್ತಿದ್ದರೆ, ಅದೂ ಮುಖದ ಮೇಲೆ ಹಾದಿದ್ದರೆ, ಬೆಲೆ ಗಣನೀಯವಾಗಿ ಇಳಿಯಬೇಕು. ತಿಳಿ ಭಾಗಗಳಲ್ಲಿ ವಿವರ ಅಳಿಸಿಹೋಗಿ, ಒಟ್ಟಾರೆ ಚಿತ್ರ ಹಳದಿ ಕಂದಿಗೆ ಜಾರಿದ್ದರೆ ತೊಳೆಯುವಾಗ ಉಳಿದ ಹೈಪೋ (ಚಿತ್ರವನ್ನು ಸ್ಥಿರಗೊಳಿಸುವ ರಾಸಾಯನಿಕ) ಒಳಗಿನಿಂದಲೇ ಬೆಳ್ಳಿಯನ್ನು ತಿನ್ನುತ್ತಿರಬಹುದು. ಅದನ್ನು ಹಿಂದಕ್ಕೆ ತರಲಾಗದು. ಇಂಥದ್ದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಧೂಳಿನ ಬಿಳಿ ಚುಕ್ಕೆಗಳನ್ನು ಕುಂಚದಿಂದ ಮುಚ್ಚುವುದು ಛಾಯಾಗ್ರಾಹಕರೇ ಮಾಡುತ್ತಿದ್ದ ಕೆಲಸ. ಹೊಳಪಿನ ಕಾಗದದಲ್ಲಿ ಓರೆ ಬೆಳಕು ಬಿಟ್ಟಾಗ ಆ ಜಾಗಗಳು ಮಂಕಾಗಿ ಕಾಣುತ್ತವೆ. ಚುಕ್ಕೆಗಳಾದರೆ ಸರಿ, ಅಂಗೈ ಅಗಲದ ಮಂಕು ಕಂಡರೆ ಅದು ದುರಸ್ತಿ, ವರದಿಯಲ್ಲಿ ಇರಲೇಬೇಕು. ಪ್ರಿಂಟ್ ಪೂರ್ತಿ ರಟ್ಟಿಗೆ ಅಂಟಿಸಿದೆ ಎಂದು ಹೆದರಬೇಡಿ. ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮುಂತಾದವರು ತಾವೇ ಬಿಸಿ ಒತ್ತಿನಿಂದ ಮೌಂಟ್ ಮಾಡುತ್ತಿದ್ದರು. ಸಹಿ ಆ ರಟ್ಟಿನ ಮೇಲೇ ಇರುತ್ತದೆ, ಅದನ್ನು ಬಿಡಿಸಿದರೆ ಬೆಲೆಯೂ ಬಿಟ್ಟುಹೋಗುತ್ತದೆ.

ಹೆಜ್ಜೆ 7: ಲೆಕ್ಕ ಹಾಕಿ ಕೂಗುವುದು

ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಖರೀದಿದಾರರ ಪ್ರೀಮಿಯಂ (ಹರಾಜು ಸಂಸ್ಥೆ ಕೊಳ್ಳುವವರಿಂದ ಪಡೆಯುವ ಶುಲ್ಕ), ತೆರಿಗೆ, ಆನ್‌ಲೈನ್‌ನಲ್ಲಿ ಕೂಗಿದರೆ ವೇದಿಕೆ ಶುಲ್ಕ, ಪ್ಯಾಕಿಂಗ್, ಸಾಗಣೆ, ವಿಮೆ ಸೇರುತ್ತವೆ. ಹೊರದೇಶದಿಂದಾದರೆ ಆಮದು ಸುಂಕ ಬೇರೆ. ದರಗಳು ಪ್ರತಿ ಸಂಸ್ಥೆಯ ಷರತ್ತಿನಲ್ಲಿರುತ್ತವೆ. ಲೆಕ್ಕದ ಬಗೆ ಇದು.

ನಿಮ್ಮ ಒಟ್ಟು ಮಿತಿ 10,000, ಪ್ಯಾಕಿಂಗ್ ಸಾಗಣೆ 600 ಎಂದಿಟ್ಟುಕೊಳ್ಳಿ. ಉಳಿದದ್ದು 9,400. ಪ್ರೀಮಿಯಂ ಶೇ 25, ಪ್ರೀಮಿಯಂ ಮೇಲೆ ಶೇ 20 ತೆರಿಗೆ ಅಂದರೆ ಮತ್ತೆ ಶೇ 5, ವೇದಿಕೆಗೆ ಶೇ 5. ಒಟ್ಟು ಶೇ 35. ಅನೇಕರು 9,400ರಿಂದ ಶೇ 35 ಕಳೆದು 6,110 ಎನ್ನುತ್ತಾರೆ. ಅದು ತಪ್ಪು; 1.35ರಿಂದ ಭಾಗಿಸಬೇಕು, ಆಗ 6,963 ಬರುತ್ತದೆ. ಈಗ ಏರಿಕೆಯ ಹಂತ ನೋಡಿ. ಆ ಮಟ್ಟದಲ್ಲಿ ಕೂಗು 500ರಂತೆ ಏರುತ್ತಿದ್ದರೆ ನೀವು 6,963 ಎಂದು ಬರೆದುಕೊಟ್ಟದ್ದನ್ನು ಸಂಸ್ಥೆ 6,500ಕ್ಕೆ ಇಳಿಸಿಕೊಳ್ಳಬಹುದು. 7,000ಕ್ಕೆ ಸಿಕ್ಕರೆ ಒಟ್ಟು 10,050. ಬರೀ 50ಕ್ಕಾಗಿ ಬಿಡುತ್ತೀರಾ ಎಂಬುದನ್ನು ಮನೆಯಲ್ಲಿ ಕೂತು ತೀರ್ಮಾನಿಸಿ, ಹರಾಜಿನ ಬಿಸಿಯಲ್ಲಲ್ಲ.

ಮಾರುವವರ ಗುಟ್ಟಿನ ಕನಿಷ್ಠ ಬೆಲೆ ಸಾಮಾನ್ಯವಾಗಿ ಕೆಟಲಾಗ್‌ನಲ್ಲಿ ಕೊಟ್ಟ ಎರಡು ಅಂದಾಜು ಬೆಲೆಗಳಲ್ಲಿ ಕೆಳಗಿನದನ್ನು ಮೀರುವುದಿಲ್ಲ. ಅದಕ್ಕೆ ತಲುಪದೆ ಲಾಟ್ ಮಾರಾಟವಾಗದೆ ಉಳಿದರೆ ಹರಾಜು ಮುಗಿದ ಕೂಡಲೇ ಸಂಸ್ಥೆಗೆ ಬರೆಯಿರಿ, ಕೆಳ ಅಂದಾಜಿನ ಆಸುಪಾಸಿಗೆ ಸಿಗುವುದುಂಟು. ಹಾಜರಿರಲು ಆಗದಿದ್ದರೆ ಲಿಖಿತ ಕೂಗು ಕೊಡಬಹುದು. ನಡುವೆ ಮನಸ್ಸು ಬದಲಿಸುವ ಗುಣದವರಿಗೆ ಫೋನಿಗಿಂತ ಅದೇ ಒಳ್ಳೆಯದು.

ಹೆಜ್ಜೆ 8: ಗೆದ್ದ ಮೇಲೆ

ಸಾಗಣೆಗೆ ಪ್ರಿಂಟನ್ನು ಸುರುಳಿ ಸುತ್ತಲು ಬಿಡಬೇಡಿ. ಎರಡು ಗಟ್ಟಿ ರಟ್ಟುಗಳ ನಡುವೆ ಚಪ್ಪಟೆಯಾಗಿ, ರಟ್ಟು ಪ್ರತಿ ಬದಿಯಲ್ಲೂ ಕನಿಷ್ಠ 5 ಸೆಂಟಿಮೀಟರ್ ಹೊರಚಾಚಿರುವಂತೆ ಕಟ್ಟಿಸಿ. ಗಾಜಿನ ಫ್ರೇಮ್ ಇದ್ದರೆ ಗಾಜು ತೆಗೆಸಿ. ಒಡೆದ ಚೂರು ಎಮಲ್ಷನ್ ಸೀಳುತ್ತದೆ. ಪೊಟ್ಟಣ ಬಿಚ್ಚುವಾಗ ಪ್ರತಿ ಹಂತದ ಚಿತ್ರ ತೆಗೆದು, ಅದೇ ದಿನ ಸ್ಥಿತಿಯ ವರದಿಯೊಂದಿಗೆ ಹೋಲಿಸಿ, ವ್ಯತ್ಯಾಸವಿದ್ದರೆ ಅಂದೇ ಬರೆಯಿರಿ. ಅಸಲಿತನದ ಖಾತರಿಗೂ ಅವಧಿಯುಂಟು. ಷರತ್ತಿನಲ್ಲಿ ಎಷ್ಟು ವರ್ಷ, ನಮೂದಿನ ಯಾವ ಭಾಗಕ್ಕೆ ಅನ್ವಯ ಎಂದು ನೋಡಿ ಕೊನೆಯ ದಿನವನ್ನು ಗುರುತು ಹಾಕಿಕೊಳ್ಳಿ. ಎಷ್ಟೋ ಕಡೆ ದಪ್ಪಕ್ಷರದ ಶೀರ್ಷಿಕೆಗೆ ಮಾತ್ರ ಖಾತರಿ, ಕೆಳಗಿನ ವಿವರಕ್ಕಿಲ್ಲ. ಪ್ರಿಂಟ್ ತಾರೀಖು ಇರುವುದು ಆ ವಿವರದಲ್ಲೇ ಆದರೆ, ಮೊದಲ ಹೆಜ್ಜೆಯಲ್ಲಿ ತರಿಸಿಕೊಂಡ ಇಮೇಲ್ ಉತ್ತರ ಈಗ ಬೇಕಾಗುತ್ತದೆ. ರಸೀದಿಯ ಜೊತೆಗೇ ಇಡಿ.

ಪ್ರಿಂಟನ್ನು ಹತ್ತಿಯ ಮೌಂಟ್ ಬೋರ್ಡ್‌ನಲ್ಲಿ, ಪಾಲಿಯೆಸ್ಟರ್ ಮೂಲೆಗಳಿಂದ ಕೂರಿಸಿ. ಟೇಪು, ಗೋಂದು ಬೇಡ. ಬೋರ್ಡು, ಹೊದಿಕೆ ಫೋಟೋಗೆ ಹಾನಿ ಮಾಡುವುದಿಲ್ಲವೆಂದು ತೋರಿಸುವ ಐಎಸ್‌ಒ 18916 ಪರೀಕ್ಷೆ ದಾಟಿದ್ದಿರಲಿ. ಸಯನೋಟೈಪ್‌ಗೆ ಕ್ಷಾರ ಬೆರೆಸದ ಬೋರ್ಡೇ ಬೇಕು, ಇಲ್ಲದಿದ್ದರೆ ನೀಲಿ ಮಾಸುತ್ತದೆ. ಉಷ್ಣತೆ 18–20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ, ತೇವಾಂಶ ಶೇ 30ರಿಂದ 50, ಇವು ದಿನದಿಂದ ದಿನಕ್ಕೆ ಏರಿಳಿಯದಂತಿರಲಿ. ಗೋಡೆಗೆ ಹಾಕುವುದಾದರೆ 19ನೆಯ ಶತಮಾನದ ಪ್ರಿಂಟ್‌ಗೆ 50 ಲಕ್ಸ್ ಮೀರದ ಬೆಳಕು, ಯುವಿ ತಡೆಯುವ ಗಾಜು, ಗಾಜು ಪ್ರಿಂಟ್‌ಗೆ ತಾಗದಂತೆ ನಡುವೆ ವಿಂಡೋ ಮೌಂಟ್ (ಕಿಟಕಿಯಂತೆ ನಡುಭಾಗ ಕತ್ತರಿಸಿದ ರಟ್ಟು). ಹೊರಗೋಡೆ ಮತ್ತು ಸ್ನಾನದಮನೆಗೆ ತಾಗಿದ ಗೋಡೆ ಬಿಟ್ಟು ಬೇರೆ ಗೋಡೆ ಆರಿಸಿಕೊಳ್ಳಿ. ಮೂರ್ನಾಲ್ಕು ತಿಂಗಳಿಗೊಮ್ಮೆ ಇಳಿಸಿ, ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಮಲಗಿಸಿ.